ಬೂಷ್ಟು ಗೋಡೆಯಲ್ಲಿ, ಮದ್ದು ಹಿತ್ತಿಲಲ್ಲಿ?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅಷ್ಟು ಮಳೆ ಕಾಣದ ತೀರ್ಥಹಳ್ಳಿ, ಸಿದ್ದಾಪುರ, ಮಡಿಕೇರಿ, ಕುಂದಾಪುರದ ಕಡೆಯ ಮನೆಗಳಲ್ಲೂ ಆ ನಾಲ್ಕು ತಿಂಗಳು ಯಾವುದೂ ಸರಿಯಾಗಿ ಒಣಗುವುದಿಲ್ಲ. ಬೀರುವಿನ ಸೀರೆ, ಚಪ್ಪಲಿ, ಬೆಲ್ಟು, ಮಕ್ಕಳ ಪುಸ್ತಕ, ಮಂಚದ ಹಿಂದಿನ ಗೋಡೆ ಎಲ್ಲದಕ್ಕೂ ಬೂಷ್ಟು. ಹೆಚ್ಚಿನವರಿಗೆ ಅದೊಂದು ಕಿರಿಕಿರಿ, ಒರೆಸಿ ಮುಂದೆ ಹೋಗುತ್ತಾರೆ. ಆದರೆ ಅಲರ್ಜಿ ಇರುವವರಿಗೆ, ಉಬ್ಬಸದವರಿಗೆ ಅದೇ ಬೂಷ್ಟು ಕೆಮ್ಮು, ದಮ್ಮು, ತಿಂಗಳುಗಟ್ಟಲೆ ಬಿಡದ ನೆಗಡಿಯಾಗಿ ಕಾಡುತ್ತದೆ. ಕೆಲವರು ಆಸ್ಪತ್ರೆಯವರೆಗೂ ಹೋಗಿ ಬರುತ್ತಾರೆ. ಹಾಗೆ ಬಂದವರಿಗೆ ನೆಂಟರಿಷ್ಟರಿಂದ ಸಿಗುವ ಸಲಹೆ ಒಂದೇ: ಹಿತ್ತಿಲಲ್ಲಿ ಸಾವಯವ ತರಕಾರಿ ಬೆಳೆದು ತಿನ್ನಿ, ಒಳ್ಳೆಯ ಊಟ ಮಾಡಿ, ದೇಹದೊಳಗಿನ ವಿಷವೆಲ್ಲ ಹೋಗುತ್ತದೆ. ಸಲಹೆಯಲ್ಲಿ ಒಳ್ಳೆಯ ಮನಸ್ಸಿದೆ, ಅರ್ಧ ಸತ್ಯವೂ ಇದೆ. ತಪ್ಪಿರುವುದು ಸರದಿಯಲ್ಲಿ. ಮೊದಲು ಮನೆ ಒಣಗಬೇಕು, ಜೊತೆಗೆ ವೈದ್ಯರ ಚಿಕಿತ್ಸೆ ನಡೆಯಬೇಕು, ಆಮೇಲೆ ಹಿತ್ತಿಲು. ಆ ಹಿತ್ತಿಲ ಕೆಲಸಕ್ಕೂ ಇಂಥ ರೋಗಿಗೆ ಬೇರೆಯದೇ ಎಚ್ಚರಿಕೆ ಬೇಕು, ಏಕೆಂದರೆ ಸಾವಯವ ಗೊಬ್ಬರ ಆಗುವುದೇ ಬೂಷ್ಟಿನ ಕೈಯಿಂದ.

ಬೂಷ್ಟಿನಿಂದ ಬರುವ ಕಾಯಿಲೆ ಎಂದಾಗ ನಾವು ಮೂರು ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬುತ್ತೇವೆ. ಮೂಗು, ಗಂಟಲು, ಶ್ವಾಸನಾಳದ ಅಲರ್ಜಿ ಎಲ್ಲಕ್ಕಿಂತ ಸಾಮಾನ್ಯ. ಬೂಷ್ಟಿನ ಕಣಗಳನ್ನು ಮತ್ತೆ ಮತ್ತೆ ಉಸಿರಾಡಿ ಶ್ವಾಸಕೋಶವೇ ಉರಿಯೂತಕ್ಕೆ ಸಿಲುಕುವುದು ಅಪರೂಪ, ಆದರೆ ಗಂಭೀರ. ಬೂಷ್ಟು ದೇಹದೊಳಗೇ ಬೆಳೆಯುವ ಸೋಂಕು ಮತ್ತೂ ಅಪರೂಪ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೇ ಅದು ಹೆಚ್ಚಾಗಿ ಬರುತ್ತದೆ. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರ ಈ ಕೊನೆಯ ಜಾತಿಯದು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಬಳಕೆ ಅದಕ್ಕೆ ದಾರಿ ಮಾಡಿಕೊಟ್ಟವು. ಆಗ ಈರುಳ್ಳಿ ಸಿಪ್ಪೆಯ ಮೇಲಿನ ಕಪ್ಪು ಪುಡಿಯೇ ಆ ರೋಗ ಎಂಬ ಸುದ್ದಿ ವಾಟ್ಸ್‌ಆಪ್‌ನಲ್ಲಿ ಹರಿದಾಡಿ ಎಷ್ಟೋ ಮನೆಗಳಲ್ಲಿ ಈರುಳ್ಳಿ ತಿಪ್ಪೆ ಸೇರಿತು. ಈರುಳ್ಳಿಯ ಮೇಲಿನದು ಆಸ್ಪರ್ಜಿಲಸ್ ನೈಜರ್ ಎಂಬ ಬೇರೆಯೇ ಬೂಷ್ಟು, ತೊಳೆದು ಮೇಲಿನ ಪದರ ತೆಗೆದರೆ ಆಯಿತು.

ಇವುಗಳಲ್ಲಿ ಯಾವುದಕ್ಕೆ ಎಷ್ಟು ಪುರಾವೆ ಇದೆ ಎಂಬುದೂ ಅಸ್ಪಷ್ಟವೇನಲ್ಲ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ನೋಡಿದವು. ತೇವದ ಮನೆಗೂ ಕೆಮ್ಮು, ಉಬ್ಬಸ, ಅಸ್ತಮಾ ಉಲ್ಬಣಕ್ಕೂ ನಂಟು ಗಟ್ಟಿಯಾಗಿಯೇ ಕಂಡಿತು. ಸುಸ್ತು, ಮರೆವು, ಮೈಕೈ ನೋವಿನಂಥ ಎಲ್ಲ ತೊಂದರೆಗೂ ಮನೆಯ ಬೂಷ್ಟೇ ಕಾರಣ ಎನ್ನಲು 2004ರ ವರದಿಗೆ ಸಾಕಷ್ಟು ಆಧಾರ ಸಿಗಲಿಲ್ಲ. ಹಾಗಿದ್ದೂ ಈ ಎರಡನೆಯ ನಂಬಿಕೆಯ ಸುತ್ತ ಅಮೆರಿಕದಲ್ಲಿ ದೊಡ್ಡ ವ್ಯಾಪಾರವೇ ಬೆಳೆದಿದೆ. ಮೂತ್ರದಲ್ಲಿ ಬೂಷ್ಟಿನ ವಿಷ ಅಳೆಯುವ ಪರೀಕ್ಷೆ, ಆ ವರದಿ ಹಿಡಿದು ಬರೆದುಕೊಡುವ ಪಥ್ಯ, ಪುಡಿ, ಮಾತ್ರೆ ಎಲ್ಲ ಅದರಲ್ಲಿವೆ. ಈ ಮೂತ್ರ ಪರೀಕ್ಷೆಗಳು ರೋಗಪತ್ತೆಗೆ ಯೋಗ್ಯವೆಂದು ಸಾಬೀತಾಗಿಲ್ಲ ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರವೇ 2015ರಲ್ಲಿ ಹೇಳಿದೆ. ನಾವು ತಿನ್ನುವ ಕಾಳುಕಡಿಯಲ್ಲೇ ಇಂಥ ವಿಷ ಅಲ್ಪಸ್ವಲ್ಪ ಇರುವುದರಿಂದ ಆರೋಗ್ಯವಂತರ ಮೂತ್ರದಲ್ಲೂ ಅದು ಕಾಣಿಸಿಕೊಳ್ಳಬಹುದು. ಬಳಲುವವರ ಬಳಲಿಕೆ ಸುಳ್ಳೆಂದು ಇದರ ಅರ್ಥವಲ್ಲ. ಥೈರಾಯ್ಡ್, ರಕ್ತಹೀನತೆ, ನಿದ್ದೆಯ ತೊಂದರೆಯಂಥ ಬೇರೆ ಕಾರಣಗಳನ್ನು ನೋಡದೆ ಎಲ್ಲವನ್ನೂ ಗೋಡೆಯ ತಲೆಗೆ ಕಟ್ಟಿದರೆ ನಷ್ಟ ಅವರಿಗೇ.

ಮನೆ ಒಣಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಕ್ಲೀವ್‌ಲ್ಯಾಂಡ್ ನಗರದ ಒಂದು ಅಧ್ಯಯನ ಚೆನ್ನಾದ ಉತ್ತರ ಕೊಡುತ್ತದೆ. 2006ರಲ್ಲಿ ಪ್ರಕಟವಾದ ಅದರಲ್ಲಿ ಬೂಷ್ಟು ಹಿಡಿದ ಮನೆಗಳಲ್ಲಿದ್ದ 62 ಅಸ್ತಮಾ ಮಕ್ಕಳನ್ನು ಎರಡು ಗುಂಪು ಮಾಡಿದ್ದರು. ಎರಡೂ ಗುಂಪಿಗೆ ಔಷಧಿ, ತಿಳಿವಳಿಕೆ ಸಿಕ್ಕಿತು. ಒಂದು ಗುಂಪಿನ ಮನೆಗಳಲ್ಲಿ ಮಾತ್ರ ಸೋರಿಕೆ ನಿಲ್ಲಿಸಿ, ನೀರಿನ ಮೂಲ ಸರಿಪಡಿಸಿ, ಬೂಷ್ಟು ಹಿಡಿದ ಸಾಮಾನು ತೆಗೆಸಿದರು. ದುರಸ್ತಿಯ ನಂತರ ಆ ಗುಂಪಿನ 29 ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಉಬ್ಬಸ ಉಲ್ಬಣಿಸಿತು, ದುರಸ್ತಿ ಆಗದ ಮನೆಗಳ 33 ಮಕ್ಕಳಲ್ಲಿ 11 ಮಂದಿಗೆ. ಅಧ್ಯಯನ ಸಣ್ಣದು, ನಿಜ. ಆದರೂ ಯಾವ ಸೊಪ್ಪಿನ ಪಲ್ಯಕ್ಕೂ ಇಂಥ ಅಂಕಿ ಇಲ್ಲ. ಹಾಗಾಗಿ ಬೀಜ, ಸಸಿ, ಕುಂಡಕ್ಕೆ ಹಣ ಹಾಕುವ ಮೊದಲು ಒಡೆದ ಹೆಂಚು, ಸೋರುವ ತಾರಸಿ, ಗೋಡೆಯೊಳಗೆ ಜಿನುಗುವ ಪೈಪಿಗೆ ಹಾಕಬೇಕು. ಬಚ್ಚಲಿಗೂ ಅಡುಗೆಮನೆಗೂ ಹವೆ ಹೊರಗೆಳೆಯುವ ಫ್ಯಾನು ಬೇಕು. ನೆನೆದದ್ದನ್ನು ಒಂದೆರಡು ದಿನದೊಳಗೆ ಒಣಗಿಸಬೇಕು, ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವುವುದನ್ನು ಬಿಡಬೇಕು. ತೇವ ನಿಲ್ಲಿಸದೆ ಮೇಲೆ ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೆ ಬಣ್ಣವೂ ಉದುರುತ್ತದೆ, ಬೂಷ್ಟೂ ಬರುತ್ತದೆ.

ಅಜ್ಜ ಅಜ್ಜಿ ಇದೇ ಮಳೆಯಲ್ಲಿ ಬಾಳಲಿಲ್ಲವೇ, ಅವರಿಗೆಲ್ಲಿತ್ತು ಈ ರೋಗ ಎಂದು ಕೇಳುವವರಿದ್ದಾರೆ. ಅವರಿಗೂ ಇತ್ತು. ‘ಗೂರಲು’, ‘ದಮ್ಮು’ ಎಂದು ಕರೆದು ಸುಮ್ಮನಿರುತ್ತಿದ್ದರು, ಅಷ್ಟೆ. ಇನ್ನೊಂದು ವ್ಯತ್ಯಾಸವೂ ಇದೆ. ಹೆಂಚಿನ ಸಂದಿನಿಂದ ಗಾಳಿಯಾಡುತ್ತಿದ್ದ ಆ ಮನೆಗಳಲ್ಲಿ ಒಲೆಯ ಬಿಸಿ ಅಟ್ಟವನ್ನು ದಿನವಿಡೀ ಒಣಗಿಸುತ್ತಿತ್ತು. ಈಗಿನ ಆರ್‌ಸಿಸಿ ಮನೆಯಲ್ಲಿ ಕಿಟಕಿ ಭದ್ರ, ಬಚ್ಚಲು ಕೋಣೆಗೇ ಅಂಟಿಕೊಂಡಿರುತ್ತದೆ, ಒಳಗಿನ ಆವಿಗೆ ಹೊರಗೆ ಹೋಗಲು ದಾರಿಯಿಲ್ಲ. ಹಾಗೆಂದು ಒಲೆಯ ಹೊಗೆಗೆ ಮರಳೋಣ ಎನ್ನುವಂತಿಲ್ಲ, ಅದು ಶ್ವಾಸಕೋಶಕ್ಕೆ ಇನ್ನೊಂದು ಶತ್ರು.

ಇನ್ನು ಹಿತ್ತಿಲಿಗೆ ಬರೋಣ. ತಿಂಗಳುಗಟ್ಟಲೆ ಮುಚ್ಚಿಟ್ಟ ಗೊಬ್ಬರದ ಗುಂಡಿಯ ಮೇಲಿನ ತರಗೆಲೆ ಸರಿಸಿ ಗುದ್ದಲಿ ಹಾಕಿದರೆ ಒಳಗಿನಿಂದ ಬಿಸಿ ಹವೆ ಏಳುತ್ತದೆ. ಅರೆಗೊಳೆತ ಎಲೆಗಳ ನಡುವೆ ಬೂದಿ ಎರಚಿದಂತೆ ಬಿಳಿ, ಹಸಿರುಬೂದು ಪದರಗಳಿರುತ್ತವೆ. ಒಣಗಿದ್ದರೆ ಒಂದು ಏಟಿಗೇ ನಯವಾದ ಹೊಗೆಯಂಥ ಧೂಳು ಮುಖಕ್ಕೆ ಬರುತ್ತದೆ. ಅದರಲ್ಲಿರುವುದು ಮಣ್ಣಿನ ಧೂಳು ಮಾತ್ರವಲ್ಲ, ಬೂಷ್ಟಿನ ಬೀಜಾಣುಗಳೂ ಲೆಕ್ಕವಿಲ್ಲದಷ್ಟು. ಅವುಗಳಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬುದು ವಿಶೇಷ. ಗೊಬ್ಬರದ ರಾಶಿಯ ಬಿಸಿಯಲ್ಲಿ 50 ಡಿಗ್ರಿ ಸೆಲ್ಸಿಯಸ್‌ವರೆಗೂ ಆರಾಮವಾಗಿ ಬೆಳೆಯುವ ಈ ಬೂಷ್ಟಿಗೆ ಮನುಷ್ಯನ ಮೈಯ 37 ಡಿಗ್ರಿ ಯಾವ ಅಡ್ಡಿಯೂ ಅಲ್ಲ. ಅದರ ಬೀಜಾಣು ಶ್ವಾಸಕೋಶದ ತಳದವರೆಗೆ ಇಳಿಯುವಷ್ಟು ಸಣ್ಣದು. ಅಸ್ತಮಾ ಇರುವ ಕೆಲವರಲ್ಲಿ ಕಾಣುವ ತೀವ್ರ ಶಿಲೀಂಧ್ರ ಅಲರ್ಜಿಗೂ ಹೆಚ್ಚಾಗಿ ಇದೇ ಕಾರಣ. ಕೊಳೆತ ಹೊದಿಕೆಯ ಚೀಲಗಳನ್ನು ಬಿಚ್ಚಿ ಅದರ ಧೂಳು ಕುಡಿದ 47 ವರ್ಷದ ಬ್ರಿಟಿಷ್ ವ್ಯಕ್ತಿಯೊಬ್ಬರು ಈ ಶಿಲೀಂಧ್ರದ ಸೋಂಕಿನಿಂದ ಸತ್ತ ಪ್ರಕರಣವನ್ನು 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತ್ತು. ಅದು ತೀರಾ ಅಪರೂಪದ ಘಟನೆ, ಅದನ್ನು ಓದಿ ಗುದ್ದಲಿ ಎಸೆಯಬೇಕಿಲ್ಲ. ಆದರೆ ಬೂಷ್ಟಿನಿಂದಲೇ ಹಾಸಿಗೆ ಹಿಡಿದು ಎದ್ದವರನ್ನು ಗೊಬ್ಬರ ಮಗುಚಲು ಕಳಿಸುವುದು ಬುದ್ಧಿವಂತಿಕೆಯೂ ಅಲ್ಲ.

ಹಾಗಿದ್ದರೆ ರಾಸಾಯನಿಕ ಗೊಬ್ಬರವೇ ಒಳ್ಳೆಯದು ಎಂಬ ತೀರ್ಮಾನಕ್ಕೆ ಯಾರೂ ಹಾರಬೇಕಿಲ್ಲ. ಕೆಲಸ ಹಂಚಿಕೊಂಡರೆ ಸಾಕು. ಗುಂಡಿ ತೆಗೆಯುವುದು, ಮಗುಚುವುದು, ಜರಡಿ ಹಿಡಿಯುವುದು, ಒಣ ತರಗು ಹರಡುವುದು ಮನೆಯ ಬೇರೊಬ್ಬರ ಪಾಲಿಗಿರಲಿ. ಚೇತರಿಸಿಕೊಳ್ಳುತ್ತಿರುವವರು ಬೀಜ ಹಾಕಲಿ, ನೀರುಣಿಸಲಿ, ಬಳ್ಳಿಗೆ ಚಪ್ಪರ ಕಟ್ಟಲಿ, ಸೊಪ್ಪು ಕೊಯ್ಯಲಿ. ಪೂರ್ತಿ ಕಳಿತು ಮಣ್ಣಿನ ವಾಸನೆ ಬಂದ ಗೊಬ್ಬರವನ್ನು ನೀರು ಚಿಮುಕಿಸಿ, ಧೂಳೇಳದಂತೆ ತಂದು ಹಾಕಬೇಕು. ಗೊಬ್ಬರದ ಚೀಲವನ್ನು ಮುಖ ದೂರವಿಟ್ಟು ಬಯಲಲ್ಲಿ ಬಿಚ್ಚಬೇಕು. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಕುಂಡದ ಮಣ್ಣಿನ ಚೀಲದ ಮೇಲೆ ಇಂಥ ಎಚ್ಚರಿಕೆ ಅಚ್ಚು ಹಾಕಿಯೇ ಮಾರುತ್ತಾರೆ. ಅಲ್ಲಿನ ಭಯ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯದ್ದು, ಉಪಾಯ ಮಾತ್ರ ಒಂದೇ. ಧೂಳಿನ ಕೆಲಸ ತಪ್ಪಿಸಲಾಗದಿದ್ದರೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕು, ಬಾಯಿಗೆ ಕಟ್ಟಿದ ಟವೆಲ್ಲು ಈ ಬೀಜಾಣುಗಳನ್ನು ತಡೆಯುವುದಿಲ್ಲ. ಬೇರು ಕೊಳೆಗೆ ಹಾಕುವ ಟ್ರೈಕೋಡರ್ಮಾ ಪುಡಿಯೂ ಒಂದು ಬೂಷ್ಟೇ. ಗಿಡಕ್ಕೆ ಅದು ಗೆಳೆಯ, ಆದರೆ ಬರಿಗೈಯಲ್ಲಿ ಗಾಳಿಗೆ ಎರಚುವ ವಸ್ತುವಲ್ಲ. ಅಂಗಾಂಗ ಕಸಿ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಹೆಚ್ಚು ಪ್ರಮಾಣದಲ್ಲಿ ಸ್ಟೀರಾಯ್ಡ್ ನುಂಗುತ್ತಿರುವವರು ಮಾತ್ರ ವೈದ್ಯರನ್ನು ಕೇಳದೆ ಗೊಬ್ಬರದ ಸಹವಾಸಕ್ಕೇ ಹೋಗಬಾರದು.

ತೋಟ ಮನೆಯ ಹೊರಗಿರಬೇಕು ಎಂಬುದನ್ನೂ ಒತ್ತಿ ಹೇಳಬೇಕಾಗಿದೆ. ಗಾಳಿ ಶುದ್ಧ ಮಾಡುವ ಗಿಡಗಳೆಂದು ನರ್ಸರಿಗಳಲ್ಲಿ ಮಾರುವುದಕ್ಕೆ ಮೂಲ 1989ರ ನಾಸಾ ಪ್ರಯೋಗ. ಅದು ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳ ಲೆಕ್ಕವನ್ನು ನಿಜವಾದ ಕೋಣೆಗೆ ಹೊಂದಿಸಿ ನೋಡಿದ 2019ರ ವಿಶ್ಲೇಷಣೆಯೊಂದರ ಪ್ರಕಾರ ಕಿಟಕಿ ತೆರೆದಷ್ಟು ಪ್ರಯೋಜನ ಸಿಗಬೇಕಾದರೆ ಒಂದು ಚದರ ಮೀಟರ್ ಜಾಗದಲ್ಲಿ ಹತ್ತರಿಂದ ಸಾವಿರದವರೆಗೆ ಗಿಡ ಇಡಬೇಕು! ಮಲೆನಾಡಿನ ಜುಲೈಯಲ್ಲಿ ಮಲಗುವ ಕೋಣೆಯೊಳಗಿನ ಒದ್ದೆ ಕುಂಡ ತೇವಕ್ಕೆ ತೇವ ಸೇರಿಸುತ್ತದೆ, ಬೂಷ್ಟಿಗೆ ಇನ್ನೊಂದು ಮನೆ ಕೊಡುತ್ತದೆ. ಅಣಬೆಯದೂ ಹೀಗೇ. ಬೇಯಿಸಿ ತಿನ್ನಲು ಅಡ್ಡಿಯಿಲ್ಲ. ಆದರೆ ಒಂದು ಕೋಣೆಯಲ್ಲಿ ಚೀಲ ನೇತುಹಾಕಿ ಚಿಪ್ಪಣಬೆ ಬೆಳೆದರೆ ಅದು ಉದುರಿಸುವ ಬೀಜಾಣು ಅಪಾರ. ಅಣಬೆ ತೋಟದ ಕೆಲಸಗಾರರಲ್ಲಿ ಇದರಿಂದಲೇ ಶ್ವಾಸಕೋಶದ ಉರಿಯೂತ ಬರುವುದು ವೈದ್ಯಕೀಯದಲ್ಲಿ ದಾಖಲಾಗಿದೆ. ಬೂಷ್ಟಿನ ರೋಗಿಯ ಮನೆಯಲ್ಲಿ ಈ ಉಪಕಸುಬು ಬೇಡ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಮಣ್ಣು, ಸಗಣಿ, ಸೂಕ್ಷ್ಮಜೀವಿಗಳ ಒಡನಾಟವೇ ಅಲರ್ಜಿಯಿಂದ ಕಾಪಾಡುತ್ತದೆ ಎಂದು ವಿಜ್ಞಾನವೇ ಹೇಳುತ್ತದಲ್ಲ? ಹೇಳುತ್ತದೆ. 2016ರಲ್ಲಿ ಅಮೆರಿಕದ ಎರಡು ರೈತ ಸಮುದಾಯಗಳ ಹೋಲಿಕೆ ಪ್ರಕಟವಾಯಿತು. ಎರಡರ ಮೂಲವೂ ಯುರೋಪು, ಊಟ ಉಡುಪು ಹೆಚ್ಚುಕಡಿಮೆ ಒಂದೇ. ದನದ ಕೊಟ್ಟಿಗೆ ಮನೆಯ ಹತ್ತಿರವೇ ಇರುವ ಅಮಿಶ್ ಮಕ್ಕಳಲ್ಲಿ ಅಸ್ತಮಾ ಸುಮಾರು ಶೇ 5, ದೂರದ ಯಾಂತ್ರೀಕೃತ ಫಾರ್ಮಿನ ಹಟರೈಟ್ ಮಕ್ಕಳಲ್ಲಿ ಸುಮಾರು ಶೇ 21. ಅದ್ಭುತವಾದ ಅಧ್ಯಯನ. ಆದರೆ ಅದು ಹೇಳುವುದು ಹುಟ್ಟಿದಾಗಿನಿಂದ ಆ ಧೂಳಿನಲ್ಲಿ ಬೆಳೆದ ಮಕ್ಕಳ ಕಥೆ. ನಲವತ್ತರ ವಯಸ್ಸಿನಲ್ಲಿ ಆಸ್ಪರ್ಜಿಲಸ್‌ಗೆ ದೇಹ ಸಿಡಿದೆದ್ದ ಮೇಲೆ ಅದೇ ಧೂಳನ್ನು ಮತ್ತಷ್ಟು ಉಸಿರಾಡಿದರೆ ಗುಣವಾಗುತ್ತದೆ ಎಂದು ಆ ಸಂಶೋಧಕರೂ ಹೇಳಿಲ್ಲ. ರೋಗ ಬಾರದಂತೆ ತಡೆಯುವುದು ಒಂದು, ಬಂದ ರೋಗ ವಾಸಿ ಮಾಡುವುದು ಇನ್ನೊಂದು.

ಇಷ್ಟೆಲ್ಲ ಕಟ್ಟುಪಾಡಿನ ನಂತರವೂ ಹಿತ್ತಿಲು ಬೇಕು ಎನ್ನುವುದಕ್ಕೆ ಕಾರಣ ತಟ್ಟೆಯಲ್ಲಿದೆ. ಆಸ್ಟ್ರೇಲಿಯದಲ್ಲಿ 137 ಮಂದಿ ಅಸ್ತಮಾ ರೋಗಿಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ದಿನಕ್ಕೆ ಐದು ಪಾಲು ತರಕಾರಿ, ಎರಡು ಪಾಲು ಹಣ್ಣು ಕೊಟ್ಟರು. ಉಳಿದವರಿಗೆ ಎರಡು ಪಾಲು ತರಕಾರಿ, ಒಂದು ಪಾಲು ಹಣ್ಣು ಮಾತ್ರ. ಕಡಿಮೆ ತರಕಾರಿ ತಿಂದವರಲ್ಲಿ ರೋಗ ಉಲ್ಬಣಿಸುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚಿತ್ತು. ಟೊಮೆಟೊದ ಕೆಂಪಿನಲ್ಲಿರುವ ಲೈಕೊಪೀನನ್ನು ಮಾತ್ರೆ ಮಾಡಿ ಕೊಟ್ಟಾಗ ಅಂಥ ಪ್ರಯೋಜನ ಕಾಣಲಿಲ್ಲ. ತರಕಾರಿಗೆ ಬದಲು ಮಾತ್ರೆ ನುಂಗುವವರು ಇದನ್ನು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 400 ಗ್ರಾಂ ಹಣ್ಣು, ತರಕಾರಿ ಮಳೆಗಾಲದ ಪೇಟೆ ದರದಲ್ಲಿ ಎಲ್ಲರ ಕೈಗೂ ಎಟುಕುವುದಿಲ್ಲ. ಹರಿವೆ, ಬಸಳೆ, ನುಗ್ಗೆ, ಒಂದೆಲಗ, ತೊಂಡೆಯಂಥವು ಎಟುಕುವಂತೆ ಮಾಡುತ್ತವೆ. ಹಿತ್ತಿಲಿನ ನಿಜವಾದ ಲಾಭ ಇದು. ಸಾವಯವ ತರಕಾರಿಯಲ್ಲಿ ಪೋಷಕಾಂಶ ಹೆಚ್ಚೆಂಬುದಕ್ಕೆ ಆಧಾರ ತೆಳು. ಸ್ಟ್ಯಾನ್‌ಫರ್ಡ್‌ನವರು 2012ರಲ್ಲಿ ಮಾಡಿದ ಪರಾಮರ್ಶೆಯಲ್ಲಿ ಪೋಷಕಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ, ಕೀಟನಾಶಕದ ಉಳಿಕೆ ಮಾತ್ರ ಕಡಿಮೆಯಿತ್ತು. ಉಸಿರಿನ ತೊಂದರೆ ಇರುವವರ ಮನೆ ಪಕ್ಕ ಕೀಟನಾಶಕ ಸಿಂಪಡಿಸದಿರುವುದೂ ಒಂದು ಲಾಭವೇ ಅನ್ನಿ. ಇನ್ನು ಸ್ಟೀರಾಯ್ಡ್ ಮಾತ್ರೆ ಬಹುಕಾಲ ನುಂಗಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಮುದ್ದೆ, ಸೊಪ್ಪಿನ ಸಾರು ಇಂಥವರಿಗೆ ಹೇಳಿ ಮಾಡಿಸಿದ ಊಟ.

ಇದಕ್ಕೆ ವಿರುದ್ಧವಾಗಿ ಓಡಾಡುವ ‘ಬೂಷ್ಟು ವಿರೋಧಿ ಪಥ್ಯ’ದ ಪಟ್ಟಿಗಳು ಇಡ್ಲಿ, ದೋಸೆ, ಮೊಸರು, ಅಣಬೆ ಎಲ್ಲವನ್ನೂ ನಿಷೇಧಿಸುತ್ತವೆ. ಹುಳಿ ಬಂದದ್ದೆಲ್ಲ ಬೂಷ್ಟು ಎಂಬುದು ಅವುಗಳ ತರ್ಕ. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ, ಅದನ್ನೂ ನಾವು ಹಬೆಯಲ್ಲಿ ಬೇಯಿಸಿಯೇ ತಿನ್ನುತ್ತೇವೆ. ಅಂಥ ಪಥ್ಯ ಮಾಡಿ ಗುಣವಾಯಿತು ಎನ್ನುವವರ ಮಾತನ್ನು ಸುಳ್ಳೆನ್ನಬೇಕಿಲ್ಲ. ಪಥ್ಯದ ಜೊತೆಗೆ ಅವರು ಬೇಕರಿ ತಿಂಡಿ, ಸಕ್ಕರೆ, ಕರಿದದ್ದನ್ನೂ ಬಿಟ್ಟಿರುತ್ತಾರೆ, ಎಷ್ಟೋ ಸಲ ಮನೆಯನ್ನೂ ಬದಲಿಸಿರುತ್ತಾರೆ. ಯಾವುದರಿಂದ ಗುಣ ಕಂಡಿತೆಂದು ಬಿಡಿಸಿ ಹೇಳುವುದು ಕಷ್ಟ. ಮೊದಲೇ ಸೊರಗಿದ ದೇಹಕ್ಕೆ ಮೊಸರು, ಇಡ್ಲಿಯನ್ನೂ ಕಿತ್ತುಕೊಂಡರೆ ಬರುವ ನಿಶ್ಶಕ್ತಿಗೆ ಮಾತ್ರ ಕಾರಣ ಹುಡುಕಬೇಕಾಗಿಲ್ಲ.

ಊಟದಲ್ಲಿ ನಿಜವಾಗಿ ಹೆದರಬೇಕಾದ ಬೂಷ್ಟು ಬೇರೆ ಇದೆ, ಆ ಪಟ್ಟಿಗಳಿಗಿಂತ ಅದರ ಮೇಲೆ ಕಣ್ಣಿರಬೇಕು. ಶೇಂಗಾ, ಮೆಕ್ಕೆಜೋಳ, ಒಣಮೆಣಸು, ಕೊಬ್ಬರಿ ಸರಿಯಾಗಿ ಒಣಗದೆ ಹೋದರೆ ಆಸ್ಪರ್ಜಿಲಸ್ ಫ್ಲೇವಸ್ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಕೂಡುತ್ತದೆ. ಯಕೃತ್ತಿನ ಕ್ಯಾನ್ಸರ್ ತರುವುದೆಂದು ಖಚಿತವಾಗಿರುವ ಈ ವಿಷ ಮಾಮೂಲಿ ಅಡುಗೆಯ ಬಿಸಿಗೆ ನಾಶವಾಗುವುದಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. 1995ರಲ್ಲಿ ನಮ್ಮ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲೇ ಅಕಾಲ ಮಳೆಗೆ ನೆನೆದ ಜೋಳ, ಮೆಕ್ಕೆಜೋಳ ತಿಂದವರು ಹೊಟ್ಟೆನೋವು, ಭೇದಿಯಿಂದ ನರಳಿದರು. ಅದಕ್ಕೆ ಕಾರಣ ಫ್ಯುಮೋನಿಸಿನ್ ಎಂಬ ಇನ್ನೊಂದು ಬೂಷ್ಟಿನ ವಿಷ. ಅಡುಗೆಮನೆಯಲ್ಲಿ ಮಾಡಬಹುದಾದ ಕೆಲಸ ಸರಳ. ಶೇಂಗಾವನ್ನು ಮೊರದಲ್ಲಿ ಹರವಿ ಮುರುಟಿದ, ಬಣ್ಣಗೆಟ್ಟ, ಹಸಿರು ಧೂಳು ಕೂತ ಬೀಜ ಆರಿಸಿ ಬಿಸಾಕಿದರೆ ವಿಷದ ದೊಡ್ಡ ಪಾಲು ಹೋಯಿತು, ಏಕೆಂದರೆ ಅದು ಕೆಲವೇ ಕೆಟ್ಟ ಬೀಜಗಳಲ್ಲಿ ತುಂಬಿಕೊಂಡಿರುತ್ತದೆ. ಬಾಯಿಗೆ ಹಾಕಿದ್ದು ಕಹಿಯಾದರೆ ಉಗುಳಿ. ಗಾಣದ ಶೇಂಗಾ ಎಣ್ಣೆ ಇಷ್ಟಪಡುವವರು ಗಾಣಕ್ಕೆ ಹಾಕುವ ಬೀಜವನ್ನು ನೋಡಿಯೇ ಕೊಳ್ಳಬೇಕು. ರಿಫೈನ್ ಮಾಡುವಾಗ ಹೋಗುವ ಅಫ್ಲಾಟಾಕ್ಸಿನ್ ಗಾಣದ ಎಣ್ಣೆಯಲ್ಲಿ ಉಳಿದುಕೊಳ್ಳಬಲ್ಲುದು. ಬ್ರೆಡ್ಡು, ಚಟ್ನಿಪುಡಿ, ಹಿಟ್ಟಿನ ಒಂದು ಮೂಲೆಗೆ ಬೂಷ್ಟು ಬಂದರೆ ಅಷ್ಟೇ ತೆಗೆದು ಉಳಿದದ್ದು ತಿನ್ನುವ ಉಳಿತಾಯ ಬೇಡ.

ಹಿತ್ತಿಲಲ್ಲಿ ಬೆಳೆದದ್ದೆಲ್ಲ ಹಿತ ಎಂಬ ನಂಬಿಕೆಗೂ ಒಂದು ಮಿತಿ ಬೇಕು. ಕರಾವಳಿ, ಮಲೆನಾಡಿನ ಬೇಲಿಗಳಲ್ಲಿ ಚಕ್ರಮುನಿ ಸೊಪ್ಪು, ಅಂದರೆ ‘ವಿಟಮಿನ್ ಸೊಪ್ಪು’ ಸಾಮಾನ್ಯ. 1990ರ ದಶಕದ ಮಧ್ಯದಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲೆಂದು ಇದೇ ಸೊಪ್ಪಿನ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರ ಸಣ್ಣ ಶ್ವಾಸನಾಳಗಳು ಮುಚ್ಚಿಹೋದವು. ಕೆಲವರಿಗೆ ಶ್ವಾಸಕೋಶದ ಕಸಿಯೇ ಬೇಕಾಯಿತು. ಮಲೇಷ್ಯದಲ್ಲಿ ಇದನ್ನು ಬೇಯಿಸಿ ಪಲ್ಯ ಮಾಡಿ ತಲೆಮಾರುಗಳಿಂದ ತಿನ್ನುತ್ತಿದ್ದಾರೆ, ಅಂಥ ಸುದ್ದಿಯಿಲ್ಲ. ನಮ್ಮಲ್ಲೂ ಆಗೊಮ್ಮೆ ಈಗೊಮ್ಮೆ ತಂಬುಳಿ, ಪಲ್ಯ ಮಾಡುವವರು ಗಾಬರಿಯಾಗಬೇಕಿಲ್ಲ. ಆದರೆ ಶ್ವಾಸಕೋಶ ಚೇತರಿಸಿಕೊಳ್ಳುತ್ತಿರುವಾಗ ‘ಡಿಟಾಕ್ಸ್’ ಎಂದು ಬೆಳಿಗ್ಗೆ ಬೆಳಿಗ್ಗೆ ಯಾವುದೋ ಸೊಪ್ಪಿನ ಹಸಿ ರಸ ಲೋಟಗಟ್ಟಲೆ ಕುಡಿಯುವ ಮೊದಲು ತೈವಾನ್ ನೆನಪಿರಲಿ. ಶಿಲೀಂಧ್ರಕ್ಕೆ ಇಟ್ರಾಕೊನಜೋಲ್ ಕ್ಯಾಪ್ಸೂಲ್ ತೆಗೆದುಕೊಳ್ಳುವವರು ಅದನ್ನು ಊಟದ ಜೊತೆಗೇ ನುಂಗಬೇಕು, ಹೊಟ್ಟೆಯುರಿಗೆ ತೆಗೆದುಕೊಳ್ಳುವ ಆಂಟಾಸಿಡ್ ಅದರ ಹೀರಿಕೆಯನ್ನು ತಗ್ಗಿಸುತ್ತದೆ. ಕಷಾಯ, ಲೇಹ್ಯ ಏನೇ ಸೇರಿಸುವುದಿದ್ದರೂ ವೈದ್ಯರಿಗೆ ಹೇಳಿಯೇ ಸೇರಿಸಬೇಕು.

ಕೊನೆಯದಾಗಿ ಒಂದು ವಿನಂತಿ. ಗೊಬ್ಬರ ಮಗುಚಿದ ಅಥವಾ ಬೂಷ್ಟು ಹಿಡಿದ ಹುಲ್ಲು, ಅಡಿಕೆ, ಕಾಳು ಕೆದಕಿದ ಕೆಲವು ಗಂಟೆಗಳಲ್ಲಿ ಚಳಿಜ್ವರ, ಒಣಕೆಮ್ಮು, ಏದುಸಿರು ಬಂದರೆ ಅದನ್ನು ಮಳೆಗಾಲದ ಶೀತವೆಂದು ತಳ್ಳಿಹಾಕಬೇಡಿ. ಕಫದಲ್ಲಿ ರಕ್ತ ಕಂಡರಂತೂ ಒಂದು ದಿನವೂ ಕಾಯಬಾರದು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳದಿದ್ದರೂ ಮನೆಯ ಯಾವ ಗೋಡೆಗೆ ತೇವ ಬರುತ್ತದೆ, ಗೊಬ್ಬರದ ಗುಂಡಿ ಎಲ್ಲಿದೆ, ಅದರಲ್ಲಿ ಕೊನೆಯ ಸಲ ಕೆಲಸ ಮಾಡಿದ್ದು ಯಾವಾಗ ಎಂಬುದನ್ನು ನೀವಾಗಿಯೇ ಹೇಳಿ.